ತ್ರಿಶಲಮ್ಮನ ಬಾಗಿಲಿಗೆ ಪಾಳಿ ಕೋಲು

ಹಳೇಬೀಡಿನ ಕೋತಿಗಳ ಬಗ್ಗೆ ನಿಮಗೇನೂ ಗೊತ್ತಿಲ್ಲ. ದೇವಸ್ಥಾನ ನೋಡಲು ಬಂದಾಗ ಒಂದೆರಡು ನಿಮ್ಮ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡಿರಬಹುದು, ಅಷ್ಟಕ್ಕೇ ಗೊತ್ತು ಎಂದುಕೊಂಡಿರುತ್ತೀರಿ. ಅವು ರಜೆಯ ಮೇಲಿರುವ ಕೋತಿಗಳು. ಕರ್ತವ್ಯದ ಮೇಲಿರುವ ಕೋತಿಗಳನ್ನು ನೋಡಬೇಕಾದರೆ ಪಕ್ಕದ ಬಸ್ತಿಹಳ್ಳಿಗೆ, ನಮ್ಮ ತೆಂಗಿನ ತೋಟಗಳಿಗೆ ಬರಬೇಕು. ಬಿಸಿಲೇರುವ ಹೊತ್ತಿಗೆ ಲಕ್ಷಗಟ್ಟಲೆ ಬರುತ್ತವೆ. ಕುಡಿಯುವುದು ಒಂದು ಎಳನೀರು, ಕಿತ್ತು ಕೆಳಗೆ ಎಸೆಯುವುದು ಹತ್ತು. ನಾನು ಲಕ್ಷ ಎಂದರೆ ನನ್ನ ಹೆಂಡತಿ ಅನುಸೂಯಮ್ಮ "ನಲವತ್ತು ಇರಬಹುದು" ಅನ್ನುತ್ತಾಳೆ. ಅವಳಿಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಯುದ್ಧ ಬರುವುದಿಲ್ಲ.

ನನಗೆ ಯುದ್ಧ ಬರುತ್ತದೆ. ಈ ಹವಾಲ್ದಾರ್ ಗಂಗಾಧರಯ್ಯ ಸೈನ್ಯದಲ್ಲಿದ್ದಷ್ಟು ವರ್ಷ, ಅವನಿದ್ದ ದಿಕ್ಕಿಗೆ ಶತ್ರು ತಲೆ ಹಾಕಿಯೂ ಮಲಗಲಿಲ್ಲ. ನಾನು ಓಡಿಸುತ್ತಿದ್ದ ಲಾರಿಯಲ್ಲಿ ಅಕ್ಕಿ ಬೇಳೆ ಮಾತ್ರ ಇರುತ್ತಿತ್ತು ಎಂದು ಊರಲ್ಲಿ ಕೆಲವರು ಸುದ್ದಿ ಹಬ್ಬಿಸಿದ್ದಾರೆ. ಇರಬಹುದು. ಊಟವಿಲ್ಲದೆ ಯಾರು ಯಾವ ಯುದ್ಧ ಗೆದ್ದಿದ್ದಾರೆ, ಹೇಳಿ?

ಹೀಗಾಗಿ ಊರಿನ ಕೋತಿ ಕಾವಲಿಗೆ ನಾನೇ ಮೇಸ್ತ್ರಿ. ನಮ್ಮಲ್ಲಿ ಕಾವಲಿಗೆ ಮನೆಗೊಬ್ಬ ಆಳು. ಅದಕ್ಕೊಂದು ಬಿದಿರಿನ ಕೋಲಿದೆ, ಪಾಳಿ ಕೋಲು ಅನ್ನುತ್ತೇವೆ. ಸಂಜೆ ಆ ಕೋಲು ಯಾರ ಬಾಗಿಲಿಗೆ ಒರಗುತ್ತದೋ, ಮಾರನೆಯ ದಿನ ಆ ಮನೆಯವನು ಬೆಳಗಿನಿಂದ ಸೂರ್ಯ ಮುಳುಗುವ ತನಕ ಇಡೀ ಊರಿನ ತೋಟ ಕಾಯಬೇಕು. ಕಾದು ಮುಗಿಸಿ ಕೋಲನ್ನು ಪಕ್ಕದ ಮನೆಗೆ ಮುಟ್ಟಿಸಬೇಕು. ತಪ್ಪಿಸಿಕೊಂಡರೆ ದಂಡ, ಅದೂ ತೆಂಗಿನಕಾಯಿಯಲ್ಲಿ. ಮೂರು ತಲೆಮಾರಿನಿಂದ ಆ ಕೋಲು ಊರು ಸುತ್ತುತ್ತಲೇ ಇದೆ. ಭೂಮಿಯೂ ಅಷ್ಟು ನಿಯತ್ತಾಗಿ ಸುತ್ತುವುದಿಲ್ಲ.

ನಮ್ಮ ಮನೆಯ ಪಕ್ಕದ ಗೋಡೆ ಅಜಿತ್ ಕುಮಾರನದು. ಜೈನರ ಮನೆ. ಬಸದಿಗಳ ಹಿಂದೆ ಒಂದಿಷ್ಟು ತೆಂಗು, ಹಳೇಬೀಡಿನಲ್ಲಿ ಒಂದು ಅಂಗಡಿ. ನನ್ನ ಗೆಳೆಯ. ಅವನಷ್ಟು ಕೆಟ್ಟ ಕಾವಲುಗಾರ ಏಳು ಲೋಕದಲ್ಲೂ ಹುಟ್ಟಿಲ್ಲ. ಕವಣೆ ಮುಟ್ಟುವುದಿಲ್ಲ, ಪಟಾಕಿ ಹಚ್ಚುವುದಿಲ್ಲ, ಒಂದು ಡಬ್ಬ ಬಡಿದುಕೊಂಡು ಮರದ ಕೆಳಗೆ ನಿಂತು "ಇಳೀರಪ್ಪಾ, ಸಾಕು, ಇಳೀರಿ" ಅನ್ನುತ್ತಿದ್ದ. ಕೋತಿಗೂ ಬಹುವಚನ! ಆದರೂ ತನ್ನ ಪಾಳಿಯನ್ನು ಒಮ್ಮೆಯೂ ತಪ್ಪಿಸಿದವನಲ್ಲ.

ಹೋದ ವರ್ಷ ಮುಂಗಾರು ಶುರುವಾದ ಹೊತ್ತಿಗೆ, ಅಂಗಡಿ ಬಾಗಿಲು ಹಾಕುತ್ತಿರುವಾಗಲೇ ಎದೆ ಹಿಡಿದುಕೊಂಡು ಕೂತ, ಏಳಲಿಲ್ಲ. ಮನೆಯಲ್ಲಿ ಉಳಿದವರು ಅವನ ಹೆಂಡತಿ ತ್ರಿಶಲಮ್ಮ. ಐವತ್ತರ ಹತ್ತಿರ ವಯಸ್ಸು. ಮಗಳು ಸಿದ್ಧಿ ಅರಸೀಕೆರೆಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಾಳೆ.

ನನ್ನ ಹೃದಯ ಎಷ್ಟು ದೊಡ್ಡದು ಎಂದು ನಿಮಗೆ ಗೊತ್ತಿಲ್ಲ. ಕೆರೆಯಷ್ಟು. ಅಜಿತನ ಮನೆಯಲ್ಲಿ ಗಂಡಾಳಿಲ್ಲ, ಪಾಪ, ಅವರಿಗೆ ಪಾಳಿ ಬೇಡ ಎಂದು ನಾನೇ ತೀರ್ಮಾನ ಮಾಡಿದೆ. ಯಾರನ್ನೂ ಕೇಳಲಿಲ್ಲ, ತ್ರಿಶಲಮ್ಮನನ್ನಂತೂ ಕೇಳಲೇ ಇಲ್ಲ. ನನ್ನ ಪಾಳಿ ಮುಗಿದ ಸಂಜೆ ಕೋಲು ಹಿಡಿದು ಅವರ ಬಾಗಿಲು ದಾಟಿ, ಅದರಾಚೆಯ ಮಧುಕುಮಾರನ ಮನೆಗೆ ಮುಟ್ಟಿಸಿ ಬರುತ್ತಿದ್ದೆ. ಆ ಹೊತ್ತಿಗೆ ಅವರು ಜಗಲಿಯ ಮೇಲೆ ಕೂತು ಮೊರದಲ್ಲಿ ಏನಾದರೂ ಹಸನು ಮಾಡುತ್ತಿರುತ್ತಿದ್ದರು. ನಾನು ಹೋಗುವಾಗ ಚಾಚಿದ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಎಷ್ಟು ಗೌರವ, ಎಷ್ಟು ಕೃತಜ್ಞತೆ ಎಂದುಕೊಂಡು ನಾನು ಎದೆಯುಬ್ಬಿಸಿ ನಡೆಯುತ್ತಿದ್ದೆ.

ಈ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅರಳಿಕಟ್ಟೆಯ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆವು. ಊರಿನ ಹಿರಿಯ ಮರುಳಪ್ಪ ಕನ್ನಡಕ ಏರಿಸಿ ಪೇಪರ್ ಓದುತ್ತಿದ್ದರು.

"ನೋಡ್ರಪ್ಪ, ಡೆನ್ಮಾರ್ಕ್ ಅನ್ನೋ ದೇಶ ಐತಂತೆ. ಅಲ್ಲಿ ಹದಿನೆಂಟು ತುಂಬಿದ ಹೆಣ್ಮಕ್ಕಳೂ ಇನ್ಮೇಲೆ ಚೀಟಿ ಎತ್ತಬೇಕಂತೆ. ಚೀಟಿ ಬಂದ್ರೆ ಮಿಲಿಟ್ರಿಗೆ ಹೋಗ್ಲೇಬೇಕಂತೆ, ಒಲ್ಲೆ ಅನ್ನಂಗಿಲ್ಲ."

"ಸರಿಯಾಗೈತೆ," ಅಂದ ಮಧುಕುಮಾರ್. ಊರ ಮೂಲೆ ತೋಟದವನು, ನಲವತ್ತರ ಪ್ರಾಯ, ಬಾಯಿ ಮಾತ್ರ ಎರಡು ಫರ್ಲಾಂಗ್ ಕೇಳುತ್ತದೆ. "ಸಮಾನತೆ ಬೇಕು ಅಂತಾರಲ್ಲ, ಬರ್ಲಿ. ಏನಂತೀಯ ಹವಾಲ್ದಾರಣ್ಣ?"

ಇಂಥ ಪ್ರಶ್ನೆ ಬಂದರೆ ಇಡೀ ಜಗತ್ತು ನನ್ನ ಕಡೆ ತಿರುಗುವುದು ಸಹಜ. ನಾನು ಟೀ ಲೋಟ ಕೆಳಗಿಟ್ಟೆ. "ನಾನು ಮೂವತ್ತು ವರ್ಷದ ಹಿಂದೇನೇ ಜನರಲ್ ಸಾಹೇಬರಿಗೆ ಹೇಳಿದ್ದೆ ಕಣ್ಲಾ. ಸಾಹೇಬ್ರೇ, ದೇಶ ಅಂದ್ರೆ ಬರೀ ಗಂಡಸ್ರದ್ದಾ? ಹೆಣ್ಮಕ್ಕಳನ್ನೂ ಕಡ್ಡಾಯವಾಗಿ ಕರೀರಿ. ಕರೀದೆ ಇದ್ರೆ ಅದು ಅವರಿಗೆ ಮಾಡೋ ಅವಮಾನ, ಅಂದಿದ್ದೆ. ಸಾಹೇಬರು ಎದ್ದು ನಿಂತು ನಂಗೇ ಸಲ್ಯೂಟ್ ಹೊಡೆದ್ರು."

"ಗಂಗಣ್ಣ."

ತಿರುಗಿ ನೋಡಿದರೆ ತ್ರಿಶಲಮ್ಮ. ಕೈಯಲ್ಲಿ ಹಾಲಿನ ಕ್ಯಾನು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಗಂಡ ಹೋದ ಮೇಲೆ ಅವರ ದನಿ ಎಷ್ಟು ಇಳಿದಿತ್ತು ಅಂದರೆ, ನಾವೆಲ್ಲ ಕಿವಿಯನ್ನು ಮುಂದಕ್ಕೆ ಚಾಚಬೇಕಾಯಿತು.

"ಡೆನ್ಮಾರ್ಕಿನ ಹೆಣ್ಣುಮಕ್ಕಳ ವಿಷಯ ಇತ್ಯರ್ಥ ಮಾಡಿದ್ರಿ. ಒಳ್ಳೇದಾಯ್ತು. ಬಸ್ತಿಹಳ್ಳೀಲಿ ಒಂದು ಮನೆ ಇದೆ. ಆ ಬಾಗಿಲಿಗೆ ಪಾಳಿ ಕೋಲು ಬಂದು ವರ್ಷ ಆಗ್ತಾ ಬಂತು. ಅದನ್ನೂ ಸ್ವಲ್ಪ ನೋಡ್ತೀರಾ?"

"ಅಯ್ಯೋ, ನಿಮಗ್ಯಾಕೆ ತ್ರಿಶಲಮ್ಮ ಆ ಕಷ್ಟ? ನಾನೇ ಬೇಡ ಅಂತ ಬಿಡಿಸಿದ್ದು."

"ನೀವೇ ಬಿಡಿಸಿದ್ದು ಅಂತ ಗೊತ್ತು. ಪ್ರತಿ ಸಲ ಕೋಲು ನಮ್ಮ ಜಗಲಿ ದಾಟಿ ಹೋಗೋದನ್ನ ನಾನು ನೋಡ್ತೀನಿ ಗಂಗಣ್ಣ. ಅವರು ಹೋದ್ರು, ಸರಿ. ಮನೇನೂ ಹೋಯ್ತಾ?"

ಅಷ್ಟು ಹೇಳಿ ಅವರು ಹೊರಟುಹೋದರು. ನನ್ನ ಟೀ ತಣ್ಣಗಾಯಿತು.

ಭಾನುವಾರ ಅರಳಿಕಟ್ಟೆಯಲ್ಲಿ ಎಲ್ಲರನ್ನೂ ಸೇರಿಸಿದೆ. ನಾನು ಕರೆದರೆ ಹಾಸನ ಜಿಲ್ಲೆಯೇ ಸೇರುತ್ತದೆ, ಜಾಗ ಸಾಲದು ಎಂದು ಊರಿನವರಿಗೆ ಮಾತ್ರ ಹೇಳಿದ್ದೆ. ತ್ರಿಶಲಮ್ಮನೂ ಬಂದು ಒಂದು ಪಕ್ಕದಲ್ಲಿ ನಿಂತರು.

ಮಧುಕುಮಾರನೇ ಮೊದಲು ಎದ್ದ. ಡೆನ್ಮಾರ್ಕಿಗೆ ಒಂದು ನ್ಯಾಯ, ಬಸ್ತಿಹಳ್ಳಿಗೆ ಇನ್ನೊಂದು. "ಆಗಕ್ಕಿಲ್ಲ. ಹೆಂಗಸರು ಕೋಲು ಹಿಡ್ಕಂಡು ಕೆರೆ ಏರಿ ಮೇಲೆ ನಿಂತ್ರೆ, ಪಕ್ಕದೂರೋರು ನಿಮ್ಮೂರಲ್ಲಿ ಗಂಡಸ್ರು ಸತ್ತೋದ್ರಾ ಅಂತಾರೆ. ಅದೂ ಅಲ್ದೆ ಈ ಅಕ್ಕ ಕಲ್ಲೆತ್ತಲ್ಲ, ಕವಣೆ ಮುಟ್ಟಲ್ಲ. ಕೋತಿಗೇನು ಸ್ತೋತ್ರ ಹೇಳ್ತಾರಾ?"

"ನಮ್ಮನೆಯವರೂ ಕಲ್ಲೆತ್ತುತ್ತಿರಲಿಲ್ಲ ಮಧು," ಅಂದರು ತ್ರಿಶಲಮ್ಮ. "ಆಗ ನೀನು ಕೇಳಲಿಲ್ಲ."

ಅಷ್ಟರಲ್ಲಿ ಬಸಮ್ಮ ಕೋಲೂರಿಕೊಂಡು ಎದ್ದಳು. ಎಪ್ಪತ್ತು ದಾಟಿದ ಮುದುಕಿ, ಅವಳೂ ಗಂಡನಿಲ್ಲದವಳು.

"ಏನ್ರಪ್ಪಾ, ಈಯಮ್ಮನ್ನ ಹಾಕ್ಕಂಡು ಕೊನೀಗೆ ನನ್ನೂ ಎಳ್ಕಂಡೋಯ್ತೀರಾ? ನಂಗೆ ಮಂಡಿ ಮಡಚಕ್ಕಾಗಲ್ಲ."

"ಇಲ್ಲ ಕಣವ್ವ, ಹೆಂಗಸ್ರನ್ನ ಹಾಕಲ್ಲ, ಹೆದರಬ್ಯಾಡ," ಅಂದರು ಮರುಳಪ್ಪ ಸಮಾಧಾನವಾಗಿ.

ಬಸಮ್ಮನಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. "ಹೆಂಗಸು ಅಂತ ಯಾಕಪ್ಪ ಬಿಡ್ತೀಯ? ನಿನ್ನನ್ನ ಯಾಕೆ ಬಿಟ್ಟವ್ರೆ? ವಯಸ್ಸಾಯ್ತು ಅಂತ ತಾನೆ? ನನ್ನೂ ಅದಕ್ಕೇ ಬಿಡು. ಮಂಡಿ ನೋಯ್ತದೆ ಅಂತ ಬಿಡು. ಹೆಂಗಸು ಅಂತ ಬಿಡಬ್ಯಾಡ. ನಿಮ್ಮಪ್ಪನ ಕಾಲ್ದಲ್ಲಿ ನಿಮ್ಮ ಹೊಲಕ್ಕೆ ಗೊಬ್ಬರ ಹೊತ್ತೋಳು ನಾನು. ಆಗ ಯಾರೂ ನಾನು ಹೆಂಗಸು ಅಂದಿರ್ನಿಲ್ಲ."

ಕಟ್ಟೆಯ ಮೇಲೆ ನಗು ಎದ್ದಿತು. ಮರುಳಪ್ಪನೂ ನಕ್ಕರು, ಆಮೇಲೆ ಇಬ್ಬರಿಗೂ ನೋವಾಗದಂಥ ದಾರಿ ಹುಡುಕಿದರು. "ಹಂಗಾದ್ರೆ ಹಿಂಗೆ ಮಾಡಣ. ತ್ರಿಶಲಮ್ಮ, ನಿಮಗೆ ಯಾವತ್ತು ಇಷ್ಟ ಐತೋ ಆವತ್ತು ಬನ್ನಿ. ಬರದೆ ಇದ್ರೂ ಯಾರೂ ಏನೂ ಕೇಳಲ್ಲ. ದಂಡ ಗಿಂಡ ಏನಿಲ್ಲ."

ಎಂಥ ಉದಾರ ತೀರ್ಪು! ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ.

"ಬೇಡಿ," ಅಂದರು ತ್ರಿಶಲಮ್ಮ. "ಇಷ್ಟ ಇದ್ರೆ ಬಾ ಅನ್ನೋದು ನೆಂಟರಿಗೆ, ಮರುಳಪ್ಪನೋರೇ. ಮನೆಯೋರಿಗೆ ಬರಲೇಬೇಕು ಅಂತಾರೆ. ಮದುವೆಯಾಗಿ ಈ ಊರಿಗೆ ಬಂದು ಇಷ್ಟು ವರ್ಷ ಆಯ್ತು. ಈಗ ನನ್ನ ನೆಂಟರ ಸಾಲಿಗೆ ಹಾಕಬೇಡಿ."

ಸಭೆ ಏನೂ ಆಗದೆ ಚದುರಿತು. ಅವರು ಸೆರಗು ಹೊದ್ದು ಮನೆಯ ಕಡೆ ನಡೆದರು.

ಮನೆಗೆ ಬಂದರೆ ಅನುಸೂಯಮ್ಮ ರಾಗಿ ಮುದ್ದೆ ತಿರುವುತ್ತ ಕಾಯುತ್ತಿದ್ದಳು. ಆ ಮುದ್ದೆ ಕೋಲನ್ನು ನನ್ನ ಕಡೆಗೆ ಬೀಸಲಿಲ್ಲ ಎನ್ನುವುದೇ ಪುಣ್ಯ.

"ಕೋತಿ ಮೇಸ್ತ್ರಿ ಯಾರು?"

"ನಾನು."

"ಕೋಲು ಇನ್ನು ಎರಡು ದಿನಕ್ಕೆ ಯಾರ ಕೈಗೆ ಬತ್ತದೆ?"

"ನಂಗೆ."

"ನಮ್ಮ ಮನೆ ಆದಮ್ಯಾಕೆ ಯಾವ ಮನೆ ಐತೆ?"

ನಾನು ತಟ್ಟೆಯನ್ನು ಮುಂದಕ್ಕೆ ಎಳೆದುಕೊಂಡೆ.

"ಅಂಥಾ ಜನರಲ್‌ಗೇ ಬುದ್ಧಿ ಹೇಳಿದೋರು," ಅಂದಳು ಅವಳು ಮುದ್ದೆಯನ್ನು ತಟ್ಟೆಗೆ ಹಾಕುತ್ತ, "ನಾಲ್ಕು ಹೆಜ್ಜೆ ನಡೆಯಕ್ಕೆ ಸಭೆ ಕರೀಬೇಕಿತ್ತಾ?"

ನನ್ನ ಪಾಳಿ ಬಂತು. ಆ ದಿನ ನಾನು ತೋಟಗಳನ್ನು ಹೇಗೆ ಕಾದೆ ಎಂದರೆ, ಕೋತಿಗಳು ಬೇಲೂರಿನ ತನಕ ಓಡಿ ಅಲ್ಲಿಂದ ಅರೇಹಳ್ಳಿಯ ಬಸ್ಸು ಹತ್ತಿದವು. ಸಂಜೆ ಮನೆಗೆ ಬಂದು ಸ್ನಾನ ಮಾಡಿ, ಟ್ರಂಕಿನಲ್ಲಿದ್ದ ಸೈನ್ಯದ ಟೋಪಿ ತೆಗೆದು ಇಟ್ಟುಕೊಂಡೆ. ಪಾಳಿ ಕೋಲನ್ನು ಬಂದೂಕಿನಂತೆ ಹೆಗಲಿಗಿಟ್ಟು ಹೊರಟೆ.

ತ್ರಿಶಲಮ್ಮ ಜಗಲಿಯ ಮೇಲೆ ಎಳ್ಳು ಹಸನು ಮಾಡುತ್ತಿದ್ದರು. ನಾನು ಬರುವುದನ್ನು ಕಂಡು, ಎಂದಿನಂತೆ ಕಾಲು ಹಿಂದಕ್ಕೆ ಎಳೆದುಕೊಂಡರು, ದಾರಿ ಬಿಡಲು. ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿದ್ದು ಆವತ್ತೇ. ಅದು ಗೌರವವಾಗಿರಲಿಲ್ಲ.

ನಾನು ದಾಟಲಿಲ್ಲ. ಬಾಗಿಲ ಎದುರು ನಿಂತು ಹಿಮ್ಮಡಿ ಕೂಡಿಸಿದೆ. ಕೋಲನ್ನು ಅವರ ಬಾಗಿಲ ಚೌಕಟ್ಟಿಗೆ ಒರಗಿಸಿದೆ.

"ಅಜಿತ್ ಕುಮಾರರ ಮನೆ. ನಾಳೆ ನಿಮ್ಮ ಪಾಳಿ," ಅಂದೆ ಬೀದಿಗೆಲ್ಲ ಕೇಳುವಂತೆ. "ಸೂರ್ಯ ಹುಟ್ಟೋ ಹೊತ್ತಿಗೆ ತೋಟದಲ್ಲಿರಬೇಕು. ಮುಳುಗೋ ತನಕ ಬಿಡಂಗಿಲ್ಲ. ತಪ್ಪಿಸಿದ್ರೆ ದಂಡ."

ಮೊರದ ಮೇಲಿದ್ದ ಕೈ ನಿಂತಿತು. "ದಂಡ ಎಷ್ಟು?"

"ಎಲ್ಲರಿಗೂ ಎಷ್ಟೋ ಅಷ್ಟೇ. ಒಂದು ಕಾಯಿನೂ ಕಡಿಮೆ ಮಾಡಲ್ಲ."

ಅವರು ಎದ್ದರು. ಮಡಿಲಿಗೆ ಬಿದ್ದ ಎಳ್ಳನ್ನು ಕೊಡವಿಕೊಂಡು, ಕೋಲನ್ನು ಮುಟ್ಟಿ ನೋಡಿದರು. ಅಜಿತ್ ಹಿಡಿಯುತ್ತಿದ್ದ ಕಡೆ ಬಿದಿರು ನುಣ್ಣಗಾಗಿದೆಯೋ ಏನೋ, ಅಲ್ಲೇ ಬೆರಳಾಡಿಸಿದರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಸಲ್ಯೂಟ್ ಹೊಡೆದದ್ದನ್ನು ನೋಡಿದ್ದು ಎದುರು ಮನೆಯ ಎಮ್ಮೆ ಮಾತ್ರ.

ಮಾರನೆಯ ಬೆಳಗ್ಗೆ ನಾನು ಹಾಸಿಗೆಯಲ್ಲಿರುವಾಗಲೇ ತೋಟದ ಕಡೆಯಿಂದ ಢಣಢಣ ಸದ್ದು ಬಂತು. ತ್ರಿಶಲಮ್ಮ ಮನೆಯ ದೊಡ್ಡ ಸ್ಟೀಲ್ ತಟ್ಟೆ ಒಯ್ದಿದ್ದರು, ಸೌಟಿನಿಂದ ಬಡಿಯುತ್ತಿದ್ದರು. ತಟ್ಟೆಗಿಂತ ಜೋರಾಗಿ ಅವರ ಗಂಟಲು.

"ಇಳೀತೀಯೋ ಇಲ್ವೋ? ನಿಂಗೆ ಮನೇಲಿ ಕೆಲಸ ಇಲ್ವಾ? ಆ ಮರಿ ಕಟ್ಕೊಂಡು ಬೆಳಗ್ಗೆ ಬೆಳಗ್ಗೆ ಬಂದಿದ್ದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಅನುಸೂಯಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಕೇಳಿದ್ರಾ?" ಅಂದಳು. "ತ್ರಿಶಲಕ್ಕನ ಗಂಟಲು." ಆ ಗಂಟಲು ಕೇಳಿ ವರ್ಷವಾಗುತ್ತ ಬಂದಿತ್ತು. ಅಜಿತ್ ಇದ್ದಾಗ ಆ ಮನೆಯ ಒಗ್ಗರಣೆಗಿಂತ ಮೊದಲು ಆ ಗಂಟಲೇ ನಮ್ಮ ಗೋಡೆ ದಾಟಿ ಬರುತ್ತಿತ್ತು. ಅವಳು ಸೆರಗಿನಿಂದ ಮೂಗೊರೆಸಿಕೊಂಡು ಕಾಫಿ ಇಡಲು ಹೋದಳು.

ಕೋತಿಗಳ ಮುಖಂಡನೊಬ್ಬನಿದ್ದಾನೆ, ಕಿವಿ ಹರಿದ ಗಡವ. ಅವನಿಗೆ ನಾನು ಕರ್ನಲ್ ಎಂದು ಹೆಸರಿಟ್ಟಿದ್ದೇನೆ. ಅವನು ನನ್ನೊಬ್ಬನಿಗೆ ಮಾತ್ರ ಹೆದರುವುದು. ಅಂಥವನು ಮಧ್ಯಾಹ್ನದ ತನಕ ಏರಿಯ ಮೇಲಿನ ಹುಣಸೇಮರದಲ್ಲಿ ಕೂತು, ಬೈಗುಳ ಮುಗಿಯುವುದನ್ನೇ ಕಾಯುತ್ತಿದ್ದ. ಮುಗಿಯಲಿಲ್ಲ.

ಸೂರ್ಯ ಪಶ್ಚಿಮಕ್ಕೆ ವಾಲಿದಾಗ ನಾನು ತೋಟಕ್ಕೆ ಹೋದೆ. ತ್ರಿಶಲಮ್ಮ ಸೋತು, ಬೆವರಿ, ಕೂದಲು ಕೆದರಿ ನಿಂತಿದ್ದರು. ಊಟದ ಡಬ್ಬಿ ಹಾಗೇ ಮರದ ಬುಡದಲ್ಲಿತ್ತು.

"ಊಟ?"

"ಇವತ್ತು ಉಪವಾಸ ಗಂಗಣ್ಣ. ಮಧ್ಯಾಹ್ನ ಅವು ಬಿಡಲಿಲ್ಲ. ಕಾವಲು ಮುಗಿಯೋ ಹೊತ್ತಿಗೆ ಸೂರ್ಯ ಮುಳುಗಿರುತ್ತೆ. ಆಮೇಲೆ ನಾವು ಉಣ್ಣಲ್ಲವಲ್ಲ."

"ನಾನು ನಿಲ್ತೀನಿ. ನೀವು ಉಣ್ಣಿ."

"ಬೇಡಿ. ರಿಯಾಯಿತಿ ಬೇಡ ಅಂತ ಹೇಳಿದೀನಿ."

"ರಿಯಾಯಿತಿ ಅಲ್ಲ ತಾಯಿ. ಸೈನ್ಯದಲ್ಲಿ ಕಾವಲಿನೋನು ಊಟಕ್ಕೆ ಹೋದಾಗ ಇನ್ನೊಬ್ಬ ನಿಲ್ಲಲೇಬೇಕು. ಅದು ಕಾನೂನು. ಅಜಿತನ ಪಾಳೀಲೂ ಈ ಹೊತ್ತಿಗೆ ನಾನೇ ನಿಲ್ತಿದ್ದೆ."

ಅವರು ನನ್ನ ಮುಖ ನೋಡಿದರು. ನನ್ನ ಮುಖ ಸುಳ್ಳಿಗೆ ಹೆಸರಾದದ್ದು, ಅದರಲ್ಲಿ ನಿಜವನ್ನು ಹುಡುಕುವುದು ಸುಲಭವಲ್ಲ. ಆದರೆ ಸಿಕ್ಕಿತು ಎಂದು ಕಾಣುತ್ತದೆ.

"ಎಲ್ಲಿ ಕೂತು ಉಣ್ತಿದ್ರು ಅವರು?"

ಕಾಲುವೆಯ ಪಕ್ಕದ ಚಪ್ಪಟೆ ಕಲ್ಲು ತೋರಿಸಿದೆ. ತ್ರಿಶಲಮ್ಮ ಹೋಗಿ ಅದರ ಮೇಲೆ ಕೂತರು. ಪಶ್ಚಿಮಕ್ಕೆ ಮುಖ ಮಾಡಿ ಡಬ್ಬಿ ಬಿಚ್ಚಿದರು. ಅನ್ನ, ಹೆಸರುಬೇಳೆ ತೊವ್ವೆ, ಬಾಟಲಿಯಲ್ಲಿ ಮನೆಯಿಂದ ಸೋಸಿ ತಂದ ನೀರು. ಅವಸರ ಮಾಡಲಿಲ್ಲ. ಒಂದೊಂದು ತುತ್ತಿಗೂ ತೋಟವನ್ನು, ಕಾಲುವೆಯನ್ನು, ಆ ಕಲ್ಲಿನಿಂದ ಏನೇನು ಕಾಣುತ್ತದೋ ಅದನ್ನೆಲ್ಲ ನೋಡುತ್ತಿದ್ದರು. ಸೂರ್ಯ ಮಾತ್ರ ಅವಸರದಲ್ಲಿದ್ದ. ಅವನನ್ನು ಗರಿಗಳ ಮೇಲೆಯೇ ತಡೆದು ನಿಲ್ಲಿಸಿದವನು ನಾನು, ಬೇಕಾದರೆ ಪಂಚಾಂಗದವರನ್ನು ಕೇಳಿ.

ನಾನು ಅವರಿಗೆ ಬೆನ್ನು ಮಾಡಿ ನಿಂತಿದ್ದೆ. ಅಷ್ಟರಲ್ಲೇ ಕರ್ನಲ್ ಹುಣಸೇಮರದಿಂದ ಇಳಿದ. ನನ್ನ ಕಣ್ಣೆದುರೇ ನಡೆದುಕೊಂಡು ಹೋಗಿ, ಮಧುಕುಮಾರನ ಮೂಲೆ ಮರ ಹತ್ತಿದ. ಎಳನೀರು ಒಂದೊಂದಾಗಿ ದೊಪ್ಪನೆ ಬೀಳತೊಡಗಿದವು. ನಾನು ಕಲ್ಲು ಎತ್ತಿದೆ. ನನ್ನ ಗುರಿ ಗೊತ್ತಲ್ಲ, ಆಕಾಶದ ನಕ್ಷತ್ರವನ್ನು ಬೇಕಾದರೂ ಉದುರಿಸುತ್ತೇನೆ. ಆದರೆ ಹಿಂದೆ, ಅಜಿತನ ಕಲ್ಲಿನ ಮೇಲೆ, ಅವನ ಹೆಂಡತಿ ಕೂತು ಊಟ ಮಾಡುತ್ತಿದ್ದರು. ಕಲ್ಲನ್ನು ಕೆಳಗೆ ಹಾಕಿದೆ. ಕೂಗಲೂ ಮನಸ್ಸಾಗಲಿಲ್ಲ.

"ಇಳಿಯಪ್ಪಾ," ಅಂದೆ ಮೆಲ್ಲಗೆ. "ಸಾಕು, ಇಳಿ." ಅವನು ಇಳಿಯಲಿಲ್ಲ.

ಸೂರ್ಯ ಮುಳುಗಿದ ಮೇಲೆ ತ್ರಿಶಲಮ್ಮ ಕೋಲು ಹಿಡಿದು ಮಧುಕುಮಾರನ ಮನೆಗೆ ಹೊರಟರು. ನಾನು ನಾಲ್ಕು ಮಾರು ಹಿಂದೆ. ಬೀದಿಯಲ್ಲಿ ಒಬ್ಬೊಬ್ಬರೇ ಬಾಗಿಲಿಗೆ ಬಂದು ನಿಂತರು. ಮಧುಕುಮಾರ್ ಈಸಿಕೊಳ್ಳದೆ ಬಾಗಿಲು ಹಾಕಿಕೊಂಡರೆ? ಕೋಲು ಅಲ್ಲಿಗೇ ನಿಂತುಹೋಗುತ್ತದೆ, ತ್ರಿಶಲಮ್ಮನ ಮನೆ ಮತ್ತೆ ಪಾಳಿಯಿಂದ ಹೊರಗೆ ಬಿದ್ದಂತೆ. ಅವರ ಹೆಜ್ಜೆ ಮಾತ್ರ ಜೋರಾಗಿತ್ತು.

ಮಧುಕುಮಾರ್ ಆಗಷ್ಟೇ ತೋಟದ ಕಡೆಯಿಂದ ಬಂದು ಅಂಗಳದಲ್ಲಿ ನಿಂತಿದ್ದ. ಕೈಯಲ್ಲಿ ಕೋತಿ ಕಚ್ಚಿದ ಎಳನೀರು. ಮುಖ ಕೆಂಡ.

"ಏನಕ್ಕಾ ಇದು!" ಎಂದು ಅವನು ಕಿರುಚಿದ್ದು ಹಳೇಬೀಡಿನ ಬಸ್‌ಸ್ಟ್ಯಾಂಡಿಗೆ ಕೇಳಿಸಿರಬೇಕು. "ನನ್ನ ಮೂಲೆ ಮರ ಬೋಳಿಸ್ಬುಟ್ಟವೆ! ಕಾವಲಿಗೆ ಅಂತ ಹೋಗಿ ಏನ್ ಮಾಡ್ತಿದ್ರಿ? ಕಣ್ಣು ಎಲ್ಲಿಟ್ಟಿದ್ರಿ? ಹಿಂಗಾ ಕಾಯದು?"

ವರ್ಷದಿಂದ ಈ ಊರಿನಲ್ಲಿ ಯಾರೂ ಆ ಹೆಂಗಸಿನ ಎದುರು ದನಿ ಎತ್ತಿರಲಿಲ್ಲ. ಅಂಗಡಿಯಲ್ಲಿ ತಮ್ಮ ಸರದಿ ಬಿಟ್ಟುಕೊಟ್ಟರು, ಮಾತಾಡುವಾಗ ತಲೆ ತಗ್ಗಿಸಿದರು, ಪಾಪ ಅಂದರು. ನಾನು ಮುಂದೆ ನುಗ್ಗಿದೆ. "ಲೇ ಮಧು, ಆ ಹೊತ್ತಲ್ಲಿ ನಿಂತಿದ್ದು ಅವರಲ್ಲ, ನಾ—"

"ಗಂಗಣ್ಣ, ನೀವು ಸುಮ್ನಿರಿ!"

ತ್ರಿಶಲಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡರು. ಆ ಮುಖ ನೀವು ನೋಡಬೇಕಿತ್ತು. ನಾನು ಎಂಥೆಂಥ ಹಿಮಶಿಖರಗಳ ಮೇಲೆ ಸೂರ್ಯ ಹುಟ್ಟುವುದನ್ನು ಕಂಡಿದ್ದೇನೆ, ಅದರ ಮುಂದೆ ಅವೆಲ್ಲ ಮಂಕು.

"ನನ್ನ ಕಣ್ಣು ಎಲ್ಲಿತ್ತು ಅಂತ ಕೇಳ್ತೀಯ? ನಿನ್ನ ಮರದ ಒಣಗರಿ ಕಡಿಸದೆ ಎಷ್ಟು ದಿನ ಆಯ್ತೋ? ಜೋತುಬಿದ್ದು ಏಣಿ ಥರ ಆಗಿದೆ, ಕೋತಿ ಹತ್ತದೆ ಇನ್ನೇನು ಮಾಡುತ್ತೆ? ಮೊದಲು ಅದನ್ನ ಕಡಿಸು. ಹಿಡ್ಕೋ ಕೋಲು. ನಾಳೆ ನೀನು ನಮ್ಮ ಮರದಲ್ಲಿ ಎಷ್ಟು ಉಳಿಸ್ತೀಯೋ ನಾನೂ ಎಣಿಸ್ತೀನಿ!"

"ಎಣಿಸ್ಕಳಿ, ಯಾರು ಬ್ಯಾಡ ಅಂದೋರು!" ಎಂದು ಮಧುಕುಮಾರ್ ಕೋಲನ್ನು ಕಿತ್ತುಕೊಂಡಂತೆ ಈಸಿಕೊಂಡ. ಬಾಗಿಲಿಗೆ ಒರಗಿಸಿದ. ತಾನು ಏನು ಮಾಡಿದೆ ಎಂದು ಅವನಿಗೇ ತಿಳಿಯಿತೋ ಇಲ್ಲವೋ, ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ತ್ರಿಶಲಮ್ಮನೂ ನಿಲ್ಲಿಸಲಿಲ್ಲ. ನಾನು ಮೆಲ್ಲಗೆ ಬಂದು ನಮ್ಮ ಜಗಲಿಯ ಮೇಲೆ ಅನುಸೂಯಮ್ಮನ ಪಕ್ಕ ಕೂತೆ. ಅವಳು ದೀಪ ಹಚ್ಚುವುದನ್ನೂ ಮರೆತು ಆ ಜಗಳ ಕೇಳುತ್ತಿದ್ದಳು.